ಪಾಠದೊಳಕ್ಕೆ ಬಾರದ ಊರು

ಕೆಲವು ವರ್ಷಗಳ ಹಿಂದೆ ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಕತೆ ಬರೆಯುವುದನ್ನು ಹೇಳಿಕೊಡಲು ನನ್ನನ್ನು ಕರೆದಿದ್ದರು. ವಳ್ಳೂರು, ತಿರುಮಣಿ ಕಡೆಯ ಮಕ್ಕಳೂ ಆ ತರಗತಿಯಲ್ಲಿದ್ದರು. ಮೊದಲು ಕೈ ಪಳಗಲಿ ಎಂದು ‘ನನ್ನ ಊರು’ ಎಂಬ ವಿಷಯ ಕೊಟ್ಟು ಒಂದು ಪುಟ ಬರೆಯಲು ಹೇಳಿದೆ. ಅರ್ಧ ಗಂಟೆಯ ನಂತರ ನೋಟ್‌ಬುಕ್ಕುಗಳು ನನ್ನ ಮುಂದೆ ಬಂದವು. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಊರಿತ್ತು. ಆ ಊರು ಪ್ರಕೃತಿ ಸೌಂದರ್ಯದಿಂದ ಕಂಗೊಳಿಸುತ್ತಿತ್ತು. ಪಕ್ಕದಲ್ಲಿ ನದಿಯೊಂದು ಜುಳುಜುಳು ಹರಿಯುತ್ತಿತ್ತು. ಸುತ್ತ ಭತ್ತದ ಗದ್ದೆ, ತೆಂಗಿನ ತೋಟ, ಹಕ್ಕಿಗಳ ಇಂಚರ.

ಮಳೆಗಾಗಿ ವರ್ಷವಿಡೀ ಮುಗಿಲು ನೋಡುವ, ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ, ಮೂಳೆ ಸವೆದ ಜನರ ಸೀಮೆ ಅದು. ಅಲ್ಲಿ ಕುಳಿತ ಮಕ್ಕಳು ಜುಳುಜುಳು ನದಿಯನ್ನು ಎಲ್ಲಿಂದ ತಂದರು? ಗೈಡಿನಿಂದ ತಂದರು ಎಂದು ಹೇಳಿಬಿಡುವುದು ಸುಲಭ. ಆದರೆ ಅವರ ಊರು ನೋಟ್‌ಬುಕ್ಕಿಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಒಬ್ಬ ಹುಡುಗನನ್ನು ಕೇಳಿದೆ: “ನಿಮ್ಮೂರಲ್ಲಿ ನದಿ ಇದೆಯೇನಪ್ಪಾ?”

“ಇಲ್ಲ ಸಾರ್.”

“ಮತ್ತೆ ಯಾಕೆ ಬರೆದೆ?”

ಹುಡುಗ ತಲೆ ತಗ್ಗಿಸಿ ಹೇಳಿದ: “ನಮ್ಮೂರಲ್ಲಿ ಬರೆಯೋ ಅಂಥದ್ದು ಏನೂ ಇಲ್ಲ ಸಾರ್.”

ಈ ಮಾತು ನನ್ನನ್ನು ಅಂದಿನಿಂದ ಕಾಡುತ್ತಿದೆ. ಬರೆಯುವಂಥದ್ದು ಏನೂ ಇಲ್ಲ ಎಂದು ಆ ಹುಡುಗನಿಗೆ ಯಾರೂ ಬಾಯಿಬಿಟ್ಟು ಹೇಳಿರಲಾರರು. ಎಂಟು ಒಂಬತ್ತು ವರ್ಷದ ಓದಿನಲ್ಲಿ ತನ್ನ ಮನೆಯ ಮಾತು, ತನ್ನ ಹೊಲದ ಹೆಸರು, ತನ್ನ ಅಜ್ಜಿಯ ಹಾಡು ಯಾವ ಪಾಠದಲ್ಲೂ ಕಾಣಿಸದೆ ಇದ್ದುದರಿಂದ ಅವನೇ ಆ ತೀರ್ಮಾನಕ್ಕೆ ಬಂದಿದ್ದ.

ಕೆರೆಯ ಹೆಸರಿನ ಊರುಗಳು

ವಳ್ಳೂರು ಇರುವುದು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ಸೀಮೆಯಲ್ಲಿ. ಪಾವಗಡ ಆಡಳಿತಕ್ಕೆ ತುಮಕೂರು ಜಿಲ್ಲೆಗೆ ಸೇರಿದ್ದರೂ ನಕಾಶೆಯಲ್ಲಿ ನೋಡಿದರೆ ಆಂಧ್ರದ ನೆಲ ಅದನ್ನು ಬಹುಪಾಲು ಸುತ್ತುವರಿದಿದೆ. ನಿನ್ನೆಯವರೆಗೆ ಅನಂತಪುರ ಜಿಲ್ಲೆಯಾಗಿದ್ದ ಆ ನೆರೆಯ ಸೀಮೆ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಾಗಿದೆ. ಪಾವಗಡ ಮೈಸೂರು ಸಂಸ್ಥಾನದಲ್ಲಿತ್ತು, ಮಡಕಶಿರಾ ಬ್ರಿಟಿಷರ ಮದರಾಸು ಪ್ರಾಂತ್ಯದಲ್ಲಿತ್ತು. ಭಾಷಾವಾರು ರಾಜ್ಯಗಳಾದ ಮೇಲೂ ಆ ಹಳೆಯ ಗೆರೆಯೇ ಉಳಿಯಿತು. ಹೀಗಾಗಿ ಗೆರೆಯ ಆಚೆ ಕನ್ನಡ ಮಾತಾಡುವವರೂ ಈಚೆ ತೆಲುಗು ಮಾತಾಡುವವರೂ ಉಳಿದರು. ನೊಳಂಬ ಅರಸರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಆಂಧ್ರಕ್ಕೆ ಸೇರಿತು. ಅಲ್ಲಿನ ಕಲ್ಲುಗಳ ಮೇಲೆ ಮಾತ್ರ ಕನ್ನಡ ಇಂದಿಗೂ ಇದೆ.

ಇಂಥ ಸೀಮೆಯಲ್ಲಿ ಮಗುವಿನ ಬಾಯಿಗೆ ಎರಡು ಭಾಷೆ ಒಟ್ಟಿಗೇ ಬರುತ್ತವೆ. ಅದೇ ತರಗತಿಯ ಒಬ್ಬ ಹುಡುಗಿ “ನಮ್ಮ ಅವ್ವನ ತಲೆಯೆಲ್ಲಾ ನರೆತು ಹೋಗಿದೆ, ಹಲ್ಲೂ ಇಲ್ಲ” ಎಂದು ಬರೆದಿದ್ದಳು. ತಾಯಿಗೆ ಅಷ್ಟೊಂದು ವಯಸ್ಸೇ ಎಂದು ನಾನು ಗಾಬರಿಯಾದೆ. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ ಎಂದು ಆಮೇಲೆ ಹೊಳೆಯಿತು. ಹುಡುಗಿ ಕನ್ನಡ ವಾಕ್ಯದೊಳಗೆ ತನ್ನ ಮನೆಯ ಅವ್ವನನ್ನು ಕೂರಿಸಿದ್ದಳು. ಅದನ್ನು ತಪ್ಪು ಎಂದು ಗೆರೆ ಎಳೆದುಬಿಡಬಹುದು. ಇಲ್ಲವೇ ಒಂದೇ ಶಬ್ದ ಎರಡು ಭಾಷೆಗಳಲ್ಲಿ ಎರಡು ತಲೆಮಾರನ್ನು ಹೇಳುವ ಬಗೆಯನ್ನು ಹಲಗೆಯ ಮೇಲೆ ಬರೆದು ಅರ್ಧ ಗಂಟೆಯ ಭಾಷಾ ಪಾಠ ಮಾಡಬಹುದು. ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ನಡೆಯುವುದು ಮೊದಲನೆಯದು.

ವಳ್ಳೂರಿನ ಸುತ್ತಲ ಊರುಗಳ ಹೆಸರನ್ನೇ ನೋಡಿ: ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು. ಹಿಂದಿನವರು ದೊಡ್ಡ ಕೆರೆಯನ್ನು ‘ಸಮುದ್ರ’ ಎಂದು ಕರೆದರು. ತೆಲುಗಿನಲ್ಲಿ ‘ಚೆರುವು’ ಎಂದರೆ ಕೆರೆ. ‘ಚೆರ್ಲು’ ಎಂಬ ಕೊನೆ ಆ ಸೀಮೆಯವರ ಕಿವಿಗೆ ಕೆರೆಯನ್ನೇ ನೆನಪಿಸುತ್ತದೆ. ಮಳೆ ಕಡಿಮೆ ಬೀಳುವ ನೆಲದಲ್ಲಿ ಬಾಳಿದವರು ಊರಿಗೆ ಹೆಸರಿಡುವಾಗ ನೀರನ್ನು ನೆನೆದಿದ್ದಾರೆ. ಚರಿತ್ರೆ, ಭೂಗೋಳ, ಭಾಷೆ ಮೂರೂ ಈ ಹೆಸರುಗಳಲ್ಲಿ ಇವೆ. ಇದನ್ನು ಕಲಿಸಲು ಪುಸ್ತಕವೂ ಬೇಡ.

ಈ ಊರುಗಳ ಹೆಸರನ್ನು ಇಂದು ಹೊರಗಿನವರು ಕೇಳುವುದು ಬೇರೆ ಕಾರಣಕ್ಕೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದ ಮೇಲೆ ಪಾವಗಡ ಸೌರ ವಿದ್ಯುತ್ ಪಾರ್ಕ್ ಹರಡಿಕೊಂಡಿದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಇಲ್ಲಿ ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯೊಂದಿಗೆ, 28 ವರ್ಷಗಳ ಗುತ್ತಿಗೆಗೆ ಪಡೆಯಿತು. ಬರದಲ್ಲಿ ಬೆಂದ ಹಿಡುವಳಿದಾರನಿಗೆ ಇದು ಆಸರೆಯಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಸ್ವಂತ ಜಮೀನಿಲ್ಲದ ಕೂಲಿಯವರಿಗೆ ಹೊಲದ ಕೆಲಸ ತಪ್ಪಿತು, ಕುರಿ ಕಾಯುವವರಿಗೆ ಮೇವಿನ ನೆಲ ಬೇಲಿಯೊಳಗಾಯಿತು ಎಂಬುದೂ ಅಷ್ಟೇ ನಿಜ. ಈ ಲೇಖನದ ವಿಷಯ ವಿದ್ಯುತ್ತಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ಆ 28 ವರ್ಷ ಎಂಬ ಲೆಕ್ಕಕ್ಕೆ ಮಾತ್ರ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಎರಡು ಕೆಂಪು ಗೆರೆಗಳು

ಊರು ಪಾಠದೊಳಕ್ಕೆ ಬಾರದಿರುವ ಕಷ್ಟ ನನಗೆ ಹೊಸದಲ್ಲ. ನಾನು ಓದಿದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಆಡುತ್ತಿದ್ದುದು ಇವೆರಡೂ ಅಲ್ಲ, ದಖ್ಖನಿ. ಉರ್ದು ಪುಸ್ತಕದಲ್ಲಿ ಹಿಮ ಬೀಳುತ್ತಿತ್ತು, ಗಂಗಾ ಜಮುನಾ ಹರಿಯುತ್ತಿದ್ದವು. ಹೌದು ಎನ್ನುವುದಕ್ಕೆ ಮನೆಯಲ್ಲಿ ಹೇಳುವಂತೆ ‘ಹೌ’ ಎಂದರೆ ಮೇಷ್ಟ್ರು ‘ಹಾಂ’ ಎಂದು ತಿದ್ದುತ್ತಿದ್ದರು. “ಇದು ಗಂವಾರರ ಮಾತು” ಎನ್ನುತ್ತಿದ್ದರು. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದೆ. ಓಣಿಯಲ್ಲಿ ಕಲಿತ ಕನ್ನಡದಲ್ಲಿ ಪ್ರಬಂಧ ಬರೆದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಗ್ರಾಮ್ಯ’ ಎಂದು ಬರೆದಿರುತ್ತಿತ್ತು. ಗಂವಾರ ಎಂದರೆ ಹಳ್ಳಿಯವನು, ಗ್ರಾಮ್ಯ ಎಂದರೆ ಹಳ್ಳಿಯದು. ಎರಡು ಶಾಲೆಗಳು ಎರಡು ಲಿಪಿಗಳಲ್ಲಿ ನನಗೆ ಕಲಿಸಿದ್ದು ಒಂದೇ: ಹಳ್ಳಿಯದು ಎಂದರೆ ತಪ್ಪು.

ಮೇಷ್ಟ್ರುಗಳನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರೂ ಹಾಗೆಯೇ ಕಲಿತು ಬಂದವರು. ಗ್ರಾಮ್ಯವನ್ನು ಕಾವ್ಯದೋಷಗಳ ಪಟ್ಟಿಯಲ್ಲಿ ಇಡುವ ರೂಢಿ ಸಂಸ್ಕೃತ ಅಲಂಕಾರಶಾಸ್ತ್ರದಷ್ಟು ಹಳೆಯದು. ಅದೇ ಶಾಸ್ತ್ರವನ್ನು ಕನ್ನಡಕ್ಕೆ ತಂದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಮಾತ್ರ ಇಲ್ಲಿ ಸ್ವಲ್ಪ ತಡೆದು ನಿಲ್ಲುತ್ತದೆ. ನಾಡಿನ ದೇಸಿಗಳು ಬೇರೆಬೇರೆ, ಅವುಗಳನ್ನೆಲ್ಲ ಅರಿಯಹೋದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತು ಅದರಲ್ಲಿದೆ. ಕನ್ನಡ ಒಂದಲ್ಲ ಹಲವು ಎಂಬುದು ನಮ್ಮ ಮೊದಲ ಲಕ್ಷಣ ಗ್ರಂಥಕ್ಕೇ ತಿಳಿದಿತ್ತು. ನಮ್ಮ ಪ್ರಬಂಧದ ನೋಟ್‌ಬುಕ್ಕಿಗೆ ಅದು ತಿಳಿಯಲಿಲ್ಲ.

ದೊಡ್ಡವನಾದ ಮೇಲೆ ದಖ್ಖನಿಯ ಚರಿತ್ರೆ ಓದಿದಾಗ ನನ್ನ ದಾದಿಮಾ ಆಡುತ್ತಿದ್ದುದು ಕೆಟ್ಟ ಉರ್ದು ಅಲ್ಲವೆಂದು ತಿಳಿಯಿತು. ದೆಹಲಿಯ ಕವಿಗಳು ಇನ್ನೂ ಪಾರಸಿಯಲ್ಲೇ ಬರೆಯುತ್ತಿದ್ದಾಗ ಬಿಜಾಪುರದಲ್ಲಿ, ಗೋಲ್ಕೊಂಡದಲ್ಲಿ ದಖ್ಖನಿ ಕಾವ್ಯಭಾಷೆಯಾಗಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಸಂಗೀತದ ಮೇಲಿನ ತನ್ನ ‘ಕಿತಾಬ್-ಎ-ನೌರಸ್’ ಬರೆದದ್ದು ಈ ಮಾತಿನಲ್ಲಿ. ಬಿಜಾಪುರದ ಸೇನಾನಿ ರಣದುಲ್ಲಾಖಾನ್ 1638ರಲ್ಲಿ ಶಿರಾವನ್ನು ಹಿಡಿದ. ಮಲಿಕ್ ರಿಹಾನ್ ಅಲ್ಲಿನ ಆಡಳಿತ ನೋಡಿಕೊಂಡ. ಅವನ ಗೋರಿ ಶಿರಾದಲ್ಲಿ ಈಗಲೂ ಇದೆ. 1687ರಲ್ಲಿ ಮೊಘಲರು ಬಂದರು, ಶಿರಾ ಒಂದು ಸುಬಾದ ರಾಜಧಾನಿಯಾಯಿತು. ಪೆನುಕೊಂಡ, ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರದ ಪರಗಣಗಳೆಲ್ಲ ಅದಕ್ಕೆ ಸೇರಿದ್ದವು. ಕಲ್ಲಿನ ಜಾಮಿಯಾ ಮಸೀದಿ ಮುಗಿದದ್ದು 1696ರಲ್ಲಿ. ದಿಲಾವರ್‌ಖಾನನ ಕಾಲಕ್ಕೆ ಊರು ಏಳಿಗೆಯ ತುದಿ ಮುಟ್ಟಿತು. 1761ರಲ್ಲಿ ಹೈದರಾಲಿಯ ಕೈಸೇರಿತು. ಮುಂದೆ ಟಿಪ್ಪುವಿನ ಕಾಲದಲ್ಲಿ ಇಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಎಬ್ಬಿಸಿಕೊಂಡು ಹೋದರು ಎಂದು ಗೆಜೆಟಿಯರು ಹೇಳುತ್ತದೆ. ಹೀಗೆ ಸಿಪಾಯಿಗಳು, ಗುಮಾಸ್ತರು, ನೇಕಾರರು ಬಂದು ಹೋದ ದಾರಿಯಲ್ಲಿ ಮಾತುಗಳೂ ಬಂದವು, ಬೆರೆತವು, ಕೆಲವು ಇಲ್ಲೇ ಉಳಿದವು.

ಬೆರಕೆ ಎಷ್ಟು ಆಳಕ್ಕೆ ಹೋಗಿದೆ ಎಂಬುದಕ್ಕೆ ಒಂದು ಉದಾಹರಣೆ. ಕನ್ನಡದಲ್ಲಿ “ನಾಳೆ ಬರ್ತೀನಿ ಅಂತ ಅಂದ” ಎನ್ನುತ್ತೇವೆ. ದಖ್ಖನಿಯಲ್ಲಿ “ಕಲ್ ಆತೂಂ ಬೋಲ್ಕೆ ಬೋಲ್ಯಾ”. ಪುಸ್ತಕದ ಉರ್ದು ಈ ವಾಕ್ಯವನ್ನು ತಿರುಗಿಸಿ, ‘ಹೇಳಿದ’ ಎಂಬುದನ್ನು ಮೊದಲು ತಂದು, ನಡುವೆ ‘ಕೆ’ ಎಂಬ ಕೊಂಡಿ ಹಾಕುತ್ತದೆ. ದಖ್ಖನಿಯ ಶಬ್ದಗಳು ಉತ್ತರದವು, ವಾಕ್ಯದ ಜೋಡಣೆ ನಮ್ಮದು. ‘ಬಂದ ಮನುಷ್ಯ’ ಎಂಬುದನ್ನು ‘ಆಯಾ ಸೋ ಆದ್ಮಿ’ ಎನ್ನುವಲ್ಲೂ ಇದೇ ಕತೆ. ನನ್ನ ದಾದಿಮಾ ಉರ್ದು ಶಬ್ದಗಳಲ್ಲಿ ಕನ್ನಡ ಮಾತಾಡುತ್ತಿದ್ದರು ಎಂದರೂ ತಪ್ಪಾಗಲಿಕ್ಕಿಲ್ಲ. ಇದನ್ನು ಹತ್ತು ವರ್ಷದವನಿದ್ದಾಗ ಯಾರಾದರೂ ಹೇಳಿದ್ದರೆ ನನಗೆ ಕನ್ನಡ ಬೇರೆಯವರ ಭಾಷೆ ಎನಿಸುತ್ತಲೇ ಇರಲಿಲ್ಲ. ಮನೆಯ ಹೊಸ್ತಿಲು ದಾಟಿದಷ್ಟೇ ಸಲೀಸಾಗಿ ಒಳಗೆ ಬರುತ್ತಿದ್ದೆ.

ಕೊಡುಕೊಳ್ಳುವುದು ಒಂದೇ ಕಡೆಯಿಂದ ನಡೆದಿಲ್ಲ. ವಳ್ಳೂರಿನ ರೈತ ಗುತ್ತಿಗೆಗೆ ಒಪ್ಪಿಕೊಟ್ಟ ಕಾಗದದ ಭಾಷೆಯನ್ನು ಗಮನಿಸಿ. ರೈತ, ಜಮೀನು, ಹಿಸ್ಸಾ, ಹಕ್ಕು, ವಾರಸುದಾರ, ಕರಾರು, ದಾಖಲೆ, ಮಂಜೂರು. ಒಣಭೂಮಿಗೆ ಖುಷ್ಕಿ, ನೀರಾವರಿಗೆ ತರಿ, ತೋಟಕ್ಕೆ ಬಾಗಾಯ್ತು. ಇವೆಲ್ಲ ಪಾರಸಿ, ಅರಬ್ಬಿಯಿಂದ ಕಚೇರಿಯ ದಾರಿಯಲ್ಲಿ ಬಂದು ಕನ್ನಡವಾದ ಶಬ್ದಗಳು. ಇವು ಸರ್ಕಾರದ ದಫ್ತರಿನಲ್ಲಿ ಭದ್ರವಾಗಿವೆ. ಅದೇ ಹೊಲವನ್ನು ಉತ್ತು ಬಿತ್ತಿದ ಶಬ್ದಗಳು ಬೇರೆ: ಕೂರಿಗೆ, ಕುಂಟೆ, ನೊಗ, ಮೇಳಿ, ಬದು, ಹದ, ಅಕ್ಕಡಿ ಸಾಲು, ಕಣ. ತೆಲುಗು ಮನೆಗಳಲ್ಲಿ ಗೊರ್ರು, ಗುಂಟಕ, ಕಾಡಿ. ಆ ಸೀಮೆಯ ಮುಖ್ಯ ಬೆಳೆಗೆ ಒಂದು ಮನೆಯಲ್ಲಿ ಕಡ್ಲೆಕಾಯಿ, ಪಕ್ಕದ ಮನೆಯಲ್ಲಿ ಶೆನಕ್ಕಾಯ, ಅದರಾಚೆಯ ಮನೆಯಲ್ಲಿ ಮೂಂಗ್‌ಫಲ್ಲಿ. ಇವು ಯಾವ ದಫ್ತರಿನಲ್ಲೂ ಇಲ್ಲ. ಹೊಲದ ಕೆಲಸ ನಿಂತರೆ ನಿಲ್ಲುವ ಶಬ್ದಗಳು ಇವು. ಪಾಠ, ಕತೆ, ಹಾಡು ಬಿಟ್ಟರೆ ಅವಕ್ಕೆ ಬೇರೆ ಠಾವಿಲ್ಲ.

ಹಾಡು ಕೂಡಿಟ್ಟವರು

ಊರಿನ ಮಾತನ್ನು ಕಾಗದಕ್ಕೆ ತರುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಕಾವ್ಯದ ಶಬ್ದಗಳ ಜೊತೆಗೆ ಜನ ಆಡುವ ಗಾದೆಗಳನ್ನೂ ಸೇರಿಸಿಕೊಂಡಿತು. 1931ರಲ್ಲಿ ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರೊಡನೆ ಧೂಲಾಸಾಹೇಬರೂ ಆ ಗೆಳೆಯರಲ್ಲಿ ಒಬ್ಬರು. ಹಳ್ಳಿಯಲ್ಲಿದ್ದುಕೊಂಡೇ ನೆರೆಹೊರೆಯ ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡಿದ್ದನ್ನು ಬರೆದುಕೊಂಡವರು ಅವರು. ಹಿಂದೂ ಮುಸ್ಲಿಂ ಗೆಳೆಯರು ಒಂದೇ ಜಗುಲಿಯಲ್ಲಿ ಕುಳಿತು ತ್ರಿಪದಿ ಕೂಡಿಟ್ಟರು ಎಂಬುದನ್ನು ಆಗ ಯಾರೂ ವಿಶೇಷವೆಂದು ಎಣಿಸಿದಂತೆ ಕಾಣುವುದಿಲ್ಲ. ಈಗ ನಾವು ಅದನ್ನು ಎತ್ತಿ ಹೇಳಬೇಕಾಗಿದೆ.

ಸಕಲೇಶಪುರದ ಕಡೆಯ ಎಸ್. ಕೆ. ಕರೀಂಖಾನರು ಜೀವಮಾನವೆಲ್ಲ ಊರೂರು ಅಲೆದು ಕನ್ನಡ ಜನಪದ ಗೀತೆಗಳನ್ನು ಸಂಗ್ರಹಿಸಿದರು, ಹಾಡಿದರು. 2006ರಲ್ಲಿ ತೀರಿಕೊಂಡ ಅವರನ್ನು ಜನ ‘ಜಾನಪದ ಜಂಗಮ’ ಎಂದೇ ಕರೆದರು. ಜೀ. ಶಂ. ಪರಮಶಿವಯ್ಯನವರಂಥವರ ದುಡಿಮೆಯಿಂದ 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದ ಒಂದು ಓದಿನ ವಿಷಯವಾಯಿತು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು.

ನಮ್ಮ ಶಿರಾ ಪಾವಗಡದ ಸೀಮೆಗೆ ಬಂದರೆ ಕಾಡುಗೊಲ್ಲರ ಜುಂಜಪ್ಪನ ಕಾವ್ಯವಿದೆ. ದನ ಕಾಯುವ ವೀರನೊಬ್ಬನ ಬಾಳಿನ ಈ ಕತೆಯನ್ನು ಉದ್ದನೆಯ ಬಿದಿರಿನ ಗಣೆ ಊದುತ್ತಾ ಹಾಡುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಅದರಾಚೆ ಚಳ್ಳಕೆರೆ ಸೀಮೆಯಲ್ಲಿ ಸಿರಿಯಜ್ಜಿ ಎಂಬ ಕಾಡುಗೊಲ್ಲ ಹೆಂಗಸು ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡು ಪ್ರಕಟಿಸಿದರು.

ಇಷ್ಟೆಲ್ಲ ಆದರೂ ಕೂಡಿಟ್ಟದ್ದು ಬಹುಪಾಲು ಹೋಗಿ ಸೇರಿದ್ದು ಎಂ.ಎ. ತರಗತಿಗೆ, ಪಿಎಚ್.ಡಿ. ಗ್ರಂಥಕ್ಕೆ, ಪ್ರಶಸ್ತಿ ಸಮಾರಂಭಕ್ಕೆ. ಹಾಡಿದವರ ಮೊಮ್ಮಕ್ಕಳು ಕುಳಿತಿರುವ ಮೂರನೆಯ ತರಗತಿಗೆ ಅದು ಹಿಂದಿರುಗಿ ಬರಲಿಲ್ಲ. ಬಂದರೂ ರಾಜ್ಯೋತ್ಸವದ ದಿನ ಕಂಬಳಿ ಹೊದ್ದು ಕೋಲು ಹಿಡಿದು ಐದು ನಿಮಿಷ ಕುಣಿಯುವ ವೇಷವಾಗಿ ಬಂತು. ನಿಜವಾಗಿ ಕುರಿ ಕಾಯುವವನ ಮಗ ಆ ವೇಷ ನೋಡಿ ಚಪ್ಪಾಳೆ ತಟ್ಟಿದ.

ಇದಕ್ಕೆ ಹೊರತಾದ ಒಂದು ಪ್ರಯತ್ನವನ್ನು ನೆನೆಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ‘ನಲಿ-ಕಲಿ’ ಆರಂಭಿಸಿದರು. ಯುನಿಸೆಫ್ ಅದಕ್ಕೆ ನೆರವಾಯಿತು. ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಬರೆದರು. ತಮ್ಮ ಸೀಮೆಯ ಮಕ್ಕಳಿಗೆ ಗೊತ್ತಿದ್ದ ಹಾಡು, ಕತೆ, ಆಟ ಅವುಗಳೊಳಗೆ ಬಂದವು. ಪಾಠವನ್ನು ಬರೆದವರು ಅದನ್ನು ಕಲಿಸುವವರೇ ಆಗಿದ್ದರು ಎಂಬುದೇ ಇದರ ದೊಡ್ಡತನ. 2009-10ರಲ್ಲಿ ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಿದಾಗ ಕಾರ್ಡುಗಳು ಎಲ್ಲ ಊರಿಗೂ ಒಂದೇ ಆದವು. ವಿಧಾನ ಪಾವಗಡಕ್ಕೆ ಬಂತು. ಪಾವಗಡದ ಹಾಡು ಕಾರ್ಡಿಗೆ ಹೋಗಲಿಲ್ಲ.

ಕತೆಗಾರರ ಸಾಕ್ಷಿ

ಶಾಲೆ ಹಿಂಜರಿದ ಕಡೆ ಕತೆಗಾರರು ಮುಂದೆ ಹೋದರು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ನಿಸಾರ್ ಅಹಮದರದು ಉರ್ದು. ಹೊಸಗನ್ನಡವನ್ನು ಕಟ್ಟಿದ ಎಷ್ಟೋ ಕೈಗಳಿಗೆ ಮನೆಯಲ್ಲಿ ಬೇರೆ ಮಾತಿತ್ತು. ಅದರಿಂದ ಕನ್ನಡ ಕೆಡಲಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಓದಲು ಕಷ್ಟವೆಂದು ಕೆಲವರು ಗೊಣಗಿದರು. ಅಲ್ಲಿಯವರೆಗೆ ಪುಸ್ತಕಕ್ಕೆ ಬಾರದಿದ್ದ ಒಂದು ಕೇರಿಯ ನುಡಿ ಅಲ್ಲಿ ಕತೆ ಹೇಳುವವನ ನುಡಿಯೇ ಆಗಿತ್ತು. ಬೊಳುವಾರು ಮಹಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಊರನ್ನು ಕಟ್ಟಿ ಕರಾವಳಿಯ ಮುಸ್ಲಿಮರ ಬದುಕನ್ನು ಅದರೊಳಗೆ ಇಟ್ಟರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಒಂದು ಹೊಳೆಯ ದಡದ ಹೆಣ್ಣುಮಕ್ಕಳ ಸಂಕಟವನ್ನು ನಾಡಿಗೆಲ್ಲ ಮುಟ್ಟಿಸಿತು. ಇವರಿಗಿಂತ ಮುಂಚಿನ ಎಷ್ಟೋ ಕತೆ, ನಾಟಕ, ಸಿನಿಮಾಗಳಲ್ಲಿ ಮುಸ್ಲಿಂ ಪಾತ್ರವೆಂದರೆ “ಅರೆ ಸಾಬ್, ನಮ್ದು ನಿಮ್ದು” ಎನ್ನುವ ಒಬ್ಬ ಹಾಸ್ಯದ ಮನುಷ್ಯ. ನಮ್ಮ ಮಾತನ್ನು ನಾವೇ ಬರೆಯದಿದ್ದರೆ ಬೇರೆಯವರು ಅದನ್ನು ನಗೆಪಾಟಲಿಗೆ ಬಳಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಸ್ತಿ ಅವರು ಇಂಗ್ಲಿಷಿಗೆ ತಂದ 12 ಕತೆಗಳ ಆ ಸಂಕಲನ ‘ಹಾರ್ಟ್ ಲ್ಯಾಂಪ್’. ಈ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು, ಮೊದಲ ಕಥಾಸಂಕಲನವೂ ಹೌದು. ಎಂಟು ವರ್ಷದ ಬಾನು ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂದು ಷರತ್ತು ಹಾಕಿದ್ದರಂತೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಮನೆಯಲ್ಲಿ ದಖ್ಖನಿ, ಬರಹದಲ್ಲಿ ಕನ್ನಡ. ಅವರ ಕತೆಯೊಳಗಿನ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಅನುವಾದಕರು ಇಂಗ್ಲಿಷಿನಲ್ಲೂ ಹಾಗೆಯೇ ಉಳಿಸಿಕೊಂಡರು, ಅಡಿಟಿಪ್ಪಣಿ ಹಾಕಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆಸಿಕೊಂಡ ಮಾತಿನ ಅಕ್ಕತಂಗಿಯರು ಲಂಡನ್ನಿನ ವೇದಿಕೆಯವರೆಗೆ ಹೋಗಿ ಬಂದವು.

ಊರಿನದೆಲ್ಲ ಚಿನ್ನವಲ್ಲ

ಹಾಗೆಂದು ಸ್ಥಳೀಯ ಸಂಸ್ಕೃತಿ ಎಂದು ಕರೆದುಬಿಟ್ಟ ಮಾತ್ರಕ್ಕೆ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ನಮ್ಮ ಗಾದೆಗಳಲ್ಲಿ ಜಾತಿಯ ನಿಂದೆ ತುಂಬಿದೆ, ಹೆಣ್ಣಿನ ಹೀಯಾಳಿಕೆ ತುಂಬಿದೆ, ಸಾಬರ ಗೇಲಿಯೂ ಇದೆ. ಜುಂಜಪ್ಪನ ಕಾವ್ಯ ಹಾಡುವ ಹಟ್ಟಿಗಳಲ್ಲೇ ಮುಟ್ಟಾದ ಹೆಣ್ಣುಮಕ್ಕಳನ್ನು, ಹಸಿಬಾಣಂತಿಯರನ್ನು ಊರ ಹೊರಗಿನ ಗುಡಿಸಿಲಲ್ಲಿ ಇರಿಸುವ ಪದ್ಧತಿ ನಡೆದುಬಂದಿದೆ. ನಮ್ಮ ಮುಸ್ಲಿಂ ಮನೆಗಳ ಹಾಡು ಹಸೆಯಲ್ಲೂ ಹೆಣ್ಣನ್ನು ಕಟ್ಟಿಹಾಕುವ ಮಾತುಗಳು ಕಡಿಮೆಯಿಲ್ಲ. ಊರನ್ನು ಪಾಠದೊಳಕ್ಕೆ ತರುವುದೆಂದರೆ ಅದನ್ನು ಪೂಜಿಸುವುದಲ್ಲ, ಅದರೊಡನೆ ಜಗಳವಾಡಲು ಮಕ್ಕಳಿಗೆ ಜಾಗ ಕೊಡುವುದು. ಜುಂಜಪ್ಪನ ಕತೆ ಓದಿದ ಹುಡುಗಿ “ನನ್ನನ್ನು ಯಾಕೆ ಹಟ್ಟಿಯ ಹೊರಗೆ ಇಡುತ್ತೀರಿ?” ಎಂದು ಬರೆಯುವಂತಾದರೆ ಆ ಪಾಠ ಸಾರ್ಥಕ.

ಇನ್ನೊಂದು ಮುಖವೂ ಇದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಲೆಮಾರಿ ಸಮುದಾಯದವರು, ತೆಲುಗು ಮನೆಮಾತಿನವರು, ಶಾಲೆಯ ಮೆಟ್ಟಿಲು ಹತ್ತದವರು. ಅಜ್ಜಿಯಿಂದ ಕಲಿತ ವಿದ್ಯೆಯಿಂದ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎನ್ನುತ್ತಾರೆ. ಅದಕ್ಕೆ ಹಣ ಪಡೆಯಲಿಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಂಥ ಹೆಂಗಸು ಬದುಕಿದ್ದಾಗ ಪಕ್ಕದ ಶಾಲೆಯ ಮಕ್ಕಳು ಹೋಗಿ ಕುಳಿತು ಕೇಳಿದ್ದರೆ, ಕೇಳಿದ್ದನ್ನು ಬರೆದಿದ್ದರೆ ಎಂಥ ಭಾಷಾ ಪಾಠವಾಗುತ್ತಿತ್ತು! ತಾಲ್ಲೂಕಿನಲ್ಲಿ ಹೆಸರು ಬಾರದ ನರಸಮ್ಮಂದಿರು ಇನ್ನೂ ಇದ್ದಾರೆ.

ಬಾಬಯ್ಯನ ಹಬ್ಬವನ್ನೂ ಇಲ್ಲಿ ನೆನೆಯಬೇಕು. ಮೊಹರಂ ಎಂಬ ಹೆಸರು ಪುಸ್ತಕದಲ್ಲಿದೆ. ನಮ್ಮ ಸೀಮೆಯ ಹಳ್ಳಿಗರಿಗೆ ಅದು ಬಾಬಯ್ಯನ ಹಬ್ಬ. ಎಷ್ಟೋ ಊರುಗಳಲ್ಲಿ ಪೀರು ಹೊರುವವರು, ಕೆಂಡ ಹಾಯುವವರು ಹಿಂದೂಗಳೇ. ಇದು ಶುದ್ಧವಲ್ಲ ಎಂದು ಎರಡೂ ಕಡೆಯಿಂದ ತಕರಾರು ಬರುತ್ತಿರುವ ಕಾಲವಿದು. ಆ ತಕರಾರಿನ ಬಗ್ಗೆಯೂ ಮಕ್ಕಳು ಬರೆಯಲಿ. ಆದರೆ ಅಂಥದ್ದೊಂದು ಊರಲ್ಲಿ ಇತ್ತು ಎಂಬುದೇ ನಾಳೆಯ ಮಗುವಿಗೆ ಗೊತ್ತಿಲ್ಲದಂತೆ ಆಗಬಾರದು.

ಶಿಷ್ಟ ಕನ್ನಡ ಬೇಡವೇ ಎಂದು ಮೇಷ್ಟ್ರುಗಳು ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಅದರಲ್ಲೇ ನಡೆಯುತ್ತದೆ, ಅರ್ಜಿ ಅದರಲ್ಲೇ ಬರೆಯಬೇಕು. ಬೇಕು, ಖಂಡಿತ ಬೇಕು. ಬಡವರ ಮಕ್ಕಳಿಗೆ ಅದು ಇನ್ನೂ ಹೆಚ್ಚು ಬೇಕು. ಅಲ್ಲಿಗೆ ತಲುಪುವ ದಾರಿ ಮನೆಯಿಂದ ಹೊರಡಬೇಕು ಎಂಬುದಷ್ಟೇ ನನ್ನ ವಾದ. ಮಗು ಮೊದಲು ತನ್ನ ಮಾತಿನಲ್ಲಿ ಬರೆಯಲಿ, ಆಮೇಲೆ ಅದನ್ನೇ ಪುಸ್ತಕದ ಕನ್ನಡಕ್ಕೆ ತಿರುಗಿಸಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಆಗ ವ್ಯಾಕರಣ ತಾನಾಗಿ ಕಾಣಿಸುತ್ತದೆ. ಉರ್ದು ಶಾಲೆಗೂ ಇದೇ ಮಾತು: ‘ಹೌ’ ಎಂದು ಬರೆದ ಮಗುವಿಗೆ ‘ಹಾಂ’ ಕಲಿಸಿ, ಆದರೆ ‘ಹೌ’ ಎನ್ನುವ ಅದರ ಅಜ್ಜಿಯನ್ನು ಗಂವಾರಳೆನ್ನಬೇಡಿ.

ಹಿಂದಿರುಗುವ ನೆಲ

ಆ ತರಗತಿಯ ಮಾತು ಮುಗಿಸುತ್ತೇನೆ. ನೋಟ್‌ಬುಕ್ಕುಗಳನ್ನು ಹಿಂದಿರುಗಿಸಿ, “ನಾಳೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ಹತ್ತು ಶಬ್ದ ಬರೆದುಕೊಂಡು ಬನ್ನಿ. ಪುಸ್ತಕದಲ್ಲಿ ಇರಬಾರದು” ಎಂದೆ. ಮರುದಿನ ತರಗತಿ ಗದ್ದಲವೋ ಗದ್ದಲ. ಒಬ್ಬ ಮಳೆ ನಕ್ಷತ್ರಗಳ ಹೆಸರನ್ನೆಲ್ಲ ತಾತನಿಂದ ಬರೆಸಿಕೊಂಡು ಬಂದಿದ್ದ. ಒಬ್ಬಳು ಕಡ್ಲೆಕಾಯಿ ಹೊಲದ ಅಕ್ಕಡಿ ಸಾಲಿನಲ್ಲಿ ಏನೇನು ಬಿತ್ತುತ್ತಿದ್ದರು ಎಂದು ಬರೆದಿದ್ದಳು. ಕಾಗದದಲ್ಲಿ ಬರೀ ಸರ್ವೆ ನಂಬರಾಗಿದ್ದ ಹೊಲಕ್ಕೆ ಮನೆಯಲ್ಲಿ ‘ಹುಣಿಸೆಮರದ ಹೊಲ’ ಎಂಬ ಹೆಸರಿತ್ತು, ಮರ ಈಗಿಲ್ಲ. “ಬರೆಯೋ ಅಂಥದ್ದು ಏನೂ ಇಲ್ಲ” ಎಂದಿದ್ದ ಹುಡುಗ ಕೊನೆಗೆ ಎದ್ದು ನಿಂತು ತನ್ನ ಪುಟ ಓದಿದ. ಅವನ ತಾತ ಕುರಿಗಳನ್ನು ಮಾರಿಬಿಟ್ಟಿದ್ದರು. ಮೇಯಿಸುತ್ತಿದ್ದ ಜಾಗಕ್ಕೆ ಬೇಲಿ ಬಂದಿತ್ತು. ಸಂಜೆ ಹೊತ್ತು ದೂರದಿಂದ ಸೋಲಾರ್ ಗಾಜುಗಳು ಕೆರೆಯ ಹಾಗೆ ಕಾಣುತ್ತವೆ, ನೋಡಿದರೆ ನೀರು ಕುಡಿಯೋಣ ಅನ್ನಿಸುತ್ತದೆ ಎಂದು ತಾತ ಹೇಳಿದ್ದನ್ನು ಅವನು ಹಾಗೆಯೇ ಬರೆದಿದ್ದ. ಅರ್ಧ ತೆಲುಗು, ಅರ್ಧ ಕನ್ನಡ. ನಾನು ಓದಿದ ಎಷ್ಟೋ ಅಚ್ಚಾದ ಕತೆಗಳಿಗಿಂತ ಅದು ನಿಜವಾಗಿತ್ತು.

ಕೆರೆಯ ಹೆಸರಿಟ್ಟುಕೊಂಡ ಊರುಗಳಲ್ಲಿ ಗಾಜಿನ ಕೆರೆ. ಗುತ್ತಿಗೆಯ 28 ವರ್ಷ ಮುಗಿಯುವಾಗ 2040ರ ದಶಕ ನಡೆಯುತ್ತಿರುತ್ತದೆ. ಕರಾರಿನ ಪ್ರಕಾರ ನೆಲ ಅವರದೇ. ಆ ಹೊತ್ತಿಗೆ ಆ ತರಗತಿಯ ಮಕ್ಕಳು ಮೂವತ್ತೈದು ನಲವತ್ತರ ಹೆಂಗಸರು ಗಂಡಸರು. ಕೂರಿಗೆ ಹಿಡಿದ ತಾತಂದಿರು ಇರುವುದಿಲ್ಲ. ಹಕ್ಕು, ಹಿಸ್ಸಾ, ವಾರಸುದಾರ ಎಂಬ ಶಬ್ದಗಳು ದಫ್ತರಿನಿಂದ ಸುರಕ್ಷಿತವಾಗಿ ಹೊರಬರುತ್ತವೆ. ಅಕ್ಕಡಿ, ಹದ, ಗೊರ್ರು, ಹುಣಿಸೆಮರದ ಹೊಲ ಎಂಬ ಶಬ್ದಗಳು ಎಲ್ಲಿಂದ ಹೊರಬರಬೇಕು?

ಆ ದಿನ ಬರೆಸಿದ ಶಬ್ದಗಳನ್ನು ಮಕ್ಕಳು ಒಂದು ದಪ್ಪ ನೋಟ್‌ಬುಕ್ಕಿಗೆ ಇಳಿಸಿದರು. ಕನ್ನಡ, ತೆಲುಗು, ದಖ್ಖನಿ ಎಂದು ಮೂರು ಮನೆ ಎಳೆದಿದ್ದೆವು. ದಖ್ಖನಿಯ ಮನೆಯಲ್ಲಿ ಶಬ್ದಗಳು ಕಡಿಮೆ ಇದ್ದವು. ಆ ತರಗತಿಯಲ್ಲಿ ನಮ್ಮವರ ಮಕ್ಕಳು ಇಬ್ಬರೇ. ಹೊರಡುವಾಗ ಅವರಲ್ಲೊಬ್ಬಳು ಹಿಂದೆ ಬಂದು, “ಸಾರ್, ನಮ್ಮ ನಾನಿ ಇನ್ನೂ ಬಹಳ ಹೇಳ್ತಾರೆ, ಬರ್ಕೊಂಡ್ ಬರ್ಲಾ?” ಎಂದು ಕೇಳಿದಳು. ಹಿಂದಿನ ದಿನ ಅವಳೂ ಜುಳುಜುಳು ನದಿಯನ್ನೇ ಬರೆದಿದ್ದಳು.